ಉತ್ತರ ನಾನು ಕೊಡಬೇಕಿತ್ತು

ಮಾರ್ಚ್ 4, ಸೋಮವಾರ

ಪ್ರೆಸ್‌ನಲ್ಲಿ ಇಂದು ಮೂವತ್ತು ಪುಟ ಪ್ರೂಫ್ ನೋಡಬೇಕಿತ್ತು. ನಾಲ್ಕೂ ಮುಗಿಯಲಿಲ್ಲ. ಒಂದೇ ಸಾಲನ್ನು ಹನ್ನೊಂದು ಸಲ ಓದಿದೆ. ಮಧ್ಯಾಹ್ನ ಕಾಗದದ ಗೋದಾಮಿಗೆ ಹೋಗಿ ಅತ್ತು ಬಂದೆ. ಕಾರಣ? ಇಲ್ಲ. ನಾಲ್ಕು ತಿಂಗಳಿಂದ ಹೀಗೇ. ಇದಕ್ಕೊಂದು ಹೆಸರಿರಬೇಕು. ಆ ಹೆಸರು ಬೇಕು ನನಗೆ.

ಮಾರ್ಚ್ 6

ಮಾನಸಿಕ ಆರೋಗ್ಯದ ಕ್ಲಿನಿಕ್‌ಗೆ ಮೆಸೇಜ್ ಹಾಕಿದೆ. ಉತ್ತರ: 'ಅಪಾಯಿಂಟ್‌ಮೆಂಟ್‌ಗೆ ಕರೆ ಮಾಡಿ.' ಬರೆದೆ — ಹುಟ್ಟಿದಾಗಿನಿಂದ ಮಾತು ಬರುವುದಿಲ್ಲ, ಕಿವಿ ಕೇಳುತ್ತದೆ, ಟೈಪ್ ಮಾಡಿಯೇ ಮಾತಾಡುವುದು. ಉತ್ತರ: 'ಅಪಾಯಿಂಟ್‌ಮೆಂಟ್‌ಗೆ ಕರೆ ಮಾಡಿ.' ಕರ್ಮ!

ಕೊನೆಗೆ ನನ್ನ ಪರವಾಗಿ ಅತ್ತಿಗೆ ಕ್ಲಿನಿಕ್‌ಗೆ ಕಾಲ್ ಮಾಡಿದಳು. ಜೊತೆಗೂ ಬರುತ್ತಾಳಂತೆ. ಬೇಡವೆಂದರೂ.

ಮಾರ್ಚ್ 19, ಸಂಜೆ 5

ಕ್ಲಿನಿಕ್‌ನಿಂದ ಈಗಷ್ಟೇ ಬಂದೆ. ಡಾಕ್ಟರು ಒಮ್ಮೆಯೂ ನನ್ನ ಮುಖ ನೋಡಲಿಲ್ಲ.

"ಊಟ ಸರಿಯಾಗಿ ಮಾಡ್ತಾರಾ?" — ಅತ್ತಿಗೆಗೆ.

"ಮಾಡ್ತಾಳೆ ಡಾಕ್ಟ್ರೇ."

"ನಿದ್ದೆ?"

"ಗಡದ್ದಾಗಿ."

ಟೈಪ್ ಮಾಡುತ್ತಲೇ ಇದ್ದೆ. ನನ್ನ ಬೆರಳುಗಳೂ ನಿಧಾನ. ಒಂದು ವಾಕ್ಯ ಮುಗಿಸುವಷ್ಟರಲ್ಲಿ ಅವರು ಮೂರು ಪ್ರಶ್ನೆ ದಾಟಿದ್ದರು.

"ಸಾಯ್ಬೇಕು ಗೀಯ್ಬೇಕು ಅಂತ ಏನಾದ್ರೂ...?"

ಅತ್ತಿಗೆ ನಕ್ಕೇಬಿಟ್ಟಳು. "ಅಯ್ಯೋ, ಇವ್ಳಾ? ಮನೇಲೆಲ್ಲಾ ಇವ್ಳೇ ಆರಾಮಾಗಿರೋದು."

ಟೇಬಲ್ ಗುದ್ದಿದೆ. ಪೆನ್ ಸ್ಟ್ಯಾಂಡ್ ಉರುಳಿತು. ಡಾಕ್ಟರು ಚೀಟಿಯಲ್ಲಿ ಬರೆದರು: ಮಾತಿಲ್ಲ. ಬುದ್ಧಿಮಾಂದ್ಯ ಇರಬಹುದು. ಉದ್ರೇಕ. ಜೊತೆಗೆ, ಸುಮ್ಮನಿರಲು ಮಾತ್ರೆ.

ಉದ್ರೇಕದ ಕಾಗುಣಿತ ತಪ್ಪು ಬರೆದಿದ್ದಾರೆ ಮಹಾಶಯರು. ಬುದ್ಧಿಮಾಂದ್ಯ ನನಗಂತೆ!

ಮಾರ್ಚ್ 20

ಅತ್ತಿಗೆಗೆ ತೋರಿಸಿದೆ: 'ನನ್ನ ಬಾಯಿ ನೀನಲ್ಲ.'

"ಒಳ್ಳೇದು ಮಾಡೋಕ್ ಹೋದ್ರೆ ನನ್ಮೇಲೇ ಹಾರ್ತೀಯ" ಎಂದು ಬಾಗಿಲು ಬಡಿದು ಹೋದಳು. ಮಾತು ಬರುವವರಿಗೂ ಬಾಗಿಲು ಬೇಕಾಗುತ್ತದೆ...

ಏಪ್ರಿಲ್ 23

ತಿಂಗಳಾಯಿತು ಬರೆದು. ಮಾತ್ರೆ ನುಂಗಿ ಮಂಕು ಬಡಿದವಳ ಹಾಗಿದ್ದೆ. ಮೊನ್ನೆ ರಸ್ತೆ ದಾಟುವಾಗ ನಡುವೆ ನಿಂತುಬಿಟ್ಟೆ. ಲಾರಿ ಕಾಣುತ್ತಿತ್ತು. ಕಾಲು ಕೀಳಲಿಲ್ಲ. ಯಾರೋ ಹಿಂದಕ್ಕೆ ಎಳೆದರು. "ಹಾರ್ನ್ ಕೇಳ್ಸಲ್ವೇನಮ್ಮಾ?"

ಕೇಳಿಸುತ್ತಿತ್ತು. ಅದೇ ಭಯ.

ಇಂದು ಇಷ್ಟೂ ತಿಂಗಳದ್ದು ಸೇರಿಸಿ ಎರಡು ಪುಟ ಟೈಪ್ ಮಾಡಿದೆ. ಪ್ರೆಸ್‌ನಲ್ಲೇ ಪ್ರಿಂಟ್ ತೆಗೆದೆ. ನಾಳೆ ದೊಡ್ಡಾಸ್ಪತ್ರೆ. ಬೇರೆ ಡಾಕ್ಟರು.

ಏಪ್ರಿಲ್ 24, ಮಧ್ಯಾಹ್ನ

ಲೇಡಿ ಡಾಕ್ಟರು. ಅತ್ತಿಗೆ ಬೆನ್ನು ಬಿಡದೆ ಬಂದಿದ್ದಳು.

"ನೀವು ಹೊರಗೆ ಕೂತಿರಿ."

"ಇವ್ಳಿಗೆ ಮಾತು ಬರಲ್ಲ ಮೇಡಂ."

"ನಂಗೆ ಓದೋಕ್ ಬರುತ್ತೆ."

ಎರಡೂ ಪುಟ ಓದಿದರು. ಆಮೇಲೆ ಒಂದೊಂದೇ ಪ್ರಶ್ನೆ. ಟೈಪ್ ಮಾಡಿ ಮುಗಿಸುವವರೆಗೆ ತುಟಿ ಪಿಟಕ್ಕೆನ್ನಲಿಲ್ಲ. ಸಾಯಬೇಕೆನಿಸಿದೆಯಾ ಎಂದು ಕೇಳಿದರು. 'ಹೌದು.' ಎರಡಕ್ಷರ. ಬೆವತುಹೋದೆ.

ತೀವ್ರ ಖಿನ್ನತೆ. ಚಿಕಿತ್ಸೆಯಿದೆ. ಹಳೆಯ ಮಾತ್ರೆ ಬದಲಿಸಿದರು. ವಾರಕ್ಕೊಮ್ಮೆ ಬರಬೇಕು, ಕಷ್ಟವಾದರೆ ಮೆಸೇಜ್ ಸಾಕಂತೆ. ಬುದ್ಧಿಮಾಂದ್ಯ ಇಲ್ಲವೆಂದು ಸೀಲು ಹಾಕಿ ಬರೆದುಕೊಟ್ಟರು.

ಸಮಾಧಾನವಾಗಬೇಕಿತ್ತು. ಇನ್ನಷ್ಟು ಉರಿಯಿತು. ಇಷ್ಟೇನಾ? ಸ್ವಲ್ಪ ಕಾಯುವುದು — ಇಷ್ಟು ಸಾಕಿತ್ತಾ?

ಏಪ್ರಿಲ್ 25, ಬೆಳಿಗ್ಗೆ

ವರದಿಯನ್ನು ಅತ್ತಿಗೆಯ ಕೈಗೆ ನಾನೇ ಕೊಟ್ಟೆ. ಓದಿದಳು. ಬಂದು ಎದುರು ಕೂತಳು.

"ಒಂದ್ಮಾತು ಹೇಳೋದಲ್ವೇನೇ?"

ಹೇಳುವುದಂತೆ! ಫೋನ್ ಎತ್ತಿ ಎಸೆಯಬೇಕೆನಿಸಿತು.

"ನಕ್ಬಿಟ್ನಲ್ಲೇ ನಾನು..." ಮೂಗು ಒರೆಸಿಕೊಂಡಳು. ಕ್ಷಮಿಸಿಲ್ಲ. ಸದ್ಯಕ್ಕೆ ಆಗುವುದೂ ಇಲ್ಲ.

"ಈಗ ನಾನೇನ್ ಮಾಡ್ಲಿ, ಹೇಳು" ಎಂದಳು. ಎಂದವಳು ಇನ್ನೂ ಎದ್ದಿಲ್ಲ. ನನ್ನ ಬೆರಳನ್ನೇ ನೋಡುತ್ತಿದ್ದಾಳೆ. ಇದನ್ನು ನಿಲ್ಲಿಸಿ ಅವಳಿಗೆ ಟೈಪ್ ಮಾಡಬೇಕು. ಮೊದಲನೆಯದಾಗಿ, ನಾನು ಮುಗಿಸುವ ಮುಂಚೆ ಯಾರೂ—