ಮೂರನೆಯ ಕಲ್ಲಿನ ಸುಣ್ಣ

ಮೇ 20, ಮಂಗಳವಾರ. ಬೆಳಿಗ್ಗೆ 6.15

ಕಾಫಿ ಆಯಿತು. ಹೊರಗೆ ಕೆಲಸದ ಅಕ್ಕು ಬಟ್ಟೆ ಕುಕ್ಕುತ್ತಿದ್ದಾಳೆ. ಒಗೆಯುವ ಕಲ್ಲನ್ನು ಈ ಬೇಸಿಗೆಯಲ್ಲಷ್ಟೇ ಕಟ್ಟಿಸಿದ್ದು — ಶಬ್ದವೇ ಗಟ್ಟಿ.

ಅನ್ಯಾಯವನ್ನು ತಾರೀಕು ಸಮೇತ ಬರೆದಿಡುತ್ತೇನೆ. ನಿನ್ನೆ, ಮೇ 19, ಸೋಮವಾರ, ಬೆಳಿಗ್ಗೆ ಹತ್ತು ಗಂಟೆಗೆ, ಫಾರೆಸ್ಟಿನವರು ವಾಸಪ್ಪಣ್ಣನ ಕೋವಿಯನ್ನು ಕಸಿದುಕೊಂಡು ಹೋದರು. ಅಪ್ಪನ ಕಾಲದ ಒಂಟಿನಳಿಗೆ. ಲೈಸೆನ್ಸ್ ಇದೆ. ಬೆಳೆ ಹಾಳುಮಾಡುವ ಕಾಡುಹಂದಿಯನ್ನು ಹೊಡೆಯಲು ಪಂಚಾಯತು ಮಾಡಿದ ಪಟ್ಟಿಯಲ್ಲಿ ಹೆಸರೂ ಇದೆ. ಆದಿತ್ಯವಾರ ಸಂಜೆ ಆರೂಮುಕ್ಕಾಲಕ್ಕೆ ನಮ್ಮ ಗೇರುಗುಡ್ಡೆಯ ಅಂಚಿನಲ್ಲಿ ಒಂದು ಹಂದಿ ಬಿತ್ತು. ನೋಡಿದರೆ ಹೆಣ್ಣು. ಮೊಲೆಯಲ್ಲಿ ಹಾಲು.

ಹಾಲೂಡುವ ಹೆಣ್ಣನ್ನು ಹೊಡೆಯಬಾರದೆಂಬ ಷರತ್ತು ಇದೆ. ಸರಿಯಾದ ಷರತ್ತೇ. ಆದರೆ ಮಹಜರಿನಲ್ಲಿ ಎಂತ ಬರೆದಿದ್ದಾರೆ? "ಮಾಂಸದ ಆಸೆಯಿಂದ, ತಿಳಿದೂ." ಕೋವಿ ಹಿಡಿದ ದಿನ ವಾಸಪ್ಪಣ್ಣ ಮೀನು ಸಹ ಮುಟ್ಟುವುದಿಲ್ಲ. ಊರಿಗೇ ಗೊತ್ತು. ಜೂನ್ 16ರ ಒಳಗೆ ವಿವರಣೆ ಕೊಡಬೇಕು, ಇಲ್ಲವಾದರೆ ಲೈಸೆನ್ಸ್ ರದ್ದು ಎಂದು ನೋಟೀಸು.

ತಿಳಿದೂ ಎನ್ನುವುದು ಹೇಗೆ ಸಾಧ್ಯ? ಅಳತೆ ಇತ್ತಲ್ಲ! ಹೋದ ವರ್ಷದ ಗ್ರಾಮಸಭೆಯಲ್ಲಿ ನಾನೇ ಎದ್ದು ಹೇಳಿ ಮಾಡಿಸಿದ್ದು. ಕಣ್ಣಂದಾಜು ಬೇಡ. ಹಂದಿ ಬರಲೆಂದು ಹಲಸಿನಹಣ್ಣು ಒಡೆದು ಹಾಕುವ ಜಾಗದಲ್ಲಿ ಮೂರು ಮುರಕಲ್ಲು, ಗೋಡೆಗೆ ಇಡುವ ಕೆಂಪುಕಲ್ಲು, ಒಂದರ ಮೇಲೊಂದು ಇಡಿ. ಒಂದು ಕಲ್ಲು ಒಂಬತ್ತು ಇಂಚು, ಮೂರಕ್ಕೆ ಇಪ್ಪತ್ತೇಳು. ಮೂರನೆಯದರ ತಲೆಗೆ ಸುಣ್ಣದ ಗೆರೆ. ಬೆನ್ನು ಗೆರೆ ದಾಟಿದರೆ ಬೆಳೆದ ಗಂಡು, ಹೊಡೆಯಬಹುದು. ದಾಟದಿದ್ದರೆ ಬಿಡಬೇಕು. ಮೂವತ್ತೊಂದು ವರ್ಷ ಪೋಸ್ಟಾಫೀಸಿನಲ್ಲಿ ಪಾರ್ಸಲ್ ತೂಗಿದವಳು ನಾನು. ಅಂದಾಜು ಎಂಬ ಮಾತೇ ನನಗಾಗದು.

ಸಂಜೆ 5

ವಾಸಪ್ಪಣ್ಣ ಬಂದಿದ್ದರು. ಅಕ್ಕುವಿನ ಅಣ್ಣ. ಜಗಲಿಯಲ್ಲಿ ಕುಳಿತರೂ ಕೈ ಎಲ್ಲಿಡಬೇಕೆಂದು ತಿಳಿಯದವರ ಹಾಗೆ ಇದ್ದರು. ಹೆಗಲಲ್ಲಿ ಕೋವಿಯಿಲ್ಲ.

"ದೊಡ್ಡದೋ ಸಣ್ಣದೋ ಅಂತ ಹೇಗೆ ನೋಡ್ತೀರಿ ವಾಸಪ್ಪಣ್ಣ?" ಎಂದೆ. ಅರ್ಜಿಗೆ ಬೇಕಲ್ಲ.

"ಕಿವಿ ನೋಡ್ಬೇಕು ಪೋಸ್ಟಕ್ಕ. ಕಿವಿ ದೊಡ್ಡ ಕಂಡ್ರೆ ಹಂದಿ ಸಣ್ಣದು. ಹಂದಿ ಬೆಳೀತದೆ, ಕಿವಿ ಅಷ್ಟು ಬೆಳಿಯುದಿಲ್ಲ. ಹೊಟ್ಟೆ ಅಡಿಯಲ್ಲಿ ಬೆಳಕು ಕಂಡ್ರೂ ಬಿಡ್ಬೇಕು. ದೊಡ್ಡ ಗಂಡು ಎಲ್ಲರೂ ತಿಂದಾದ ಮೇಲೆ ಬರುದು. ಅವಸರ ಇಲ್ಲ ಅದಕ್ಕೆ. ಆಫೀಸರ ಹಾಗೆ."

"ಒಂಟಿ ಬಂದ್ರೆ?"

"ಅದೇ ಕಷ್ಟ. ಪಕ್ಕದಲ್ಲಿ ಯಾರೂ ಇಲ್ಲದಿದ್ರೆ ಎಲ್ಲವೂ ದೊಡ್ಡದೇ ಕಾಣುದು."

"ಮೊನ್ನೆ ಕಿವಿ ಹೇಗಿತ್ತು?"

"ದೊಡ್ಡದೇ ಕಂಡಿತು."

"ಮತ್ತೆ ಎಂತಕ್ಕೆ ಹೊಡೆದದ್ದು ಮಾರಾಯ್ರೆ?"

"ಬೆನ್ನು ಗೆರೆ ದಾಟಿತ್ತು. ಆರ್ಡರಿನಲ್ಲಿ ಕಿವಿ ಅಂತ ಇಲ್ಲ ಪೋಸ್ಟಕ್ಕ. ಕಲ್ಲು ಅಂತ ಉಂಟು."

ಹೇಳಿ ನನ್ನ ಮುಖವನ್ನೇ ನೋಡಿದರು. ತುಂಬ ಹೊತ್ತು. ಪಾಪ, ಎಷ್ಟು ನೊಂದಿದ್ದಾರೆ.

ಮಹಜರಿನಲ್ಲಿ ಹಂದಿಯ ಭುಜದ ಎತ್ತರ 24 ಇಂಚು ಎಂದಿದೆ. ಗೆರೆ 27ರಲ್ಲಿ. 24ರ ಹಂದಿ 27ರ ಗೆರೆ ದಾಟುವುದು ಹೇಗೆ? ಇಬ್ಬರಲ್ಲಿ ಒಬ್ಬರದು ಸುಳ್ಳು. ವಾಸಪ್ಪಣ್ಣ ಸುಳ್ಳು ಹೇಳುವವರಲ್ಲ.

ಮೇ 22, ಗುರುವಾರ

ಮರಿಗಳು ಬಂದಿವೆ. ನಾಲ್ಕು. ಮೈಮೇಲೆ ಗೆರೆ, ಮುಳ್ಳುಸೌತೆಯ ಹಾಗೆ. ಹಂದಿಯನ್ನು ಹೂಳಿ ಸೀಮೆಎಣ್ಣೆ ಸುರಿದ ಜಾಗದಲ್ಲಿ ಮೂಸುತ್ತವೆ, ಸೀನುತ್ತವೆ, ಮತ್ತೆ ಮೂಸುತ್ತವೆ. ಇವುಗಳ ಸಂತತಿ ನನ್ನ ಮರಗೆಣಸಿನ ಎರಡು ಸಾಲು ತಿಂದಿದೆ. ಆದರೂ ನಿಂತು ನೋಡಲಾಗಲಿಲ್ಲ.

ಮೇ 24, ಶನಿವಾರ. ಮಧ್ಯಾಹ್ನ

ಈ ಸಲ ಮಳೆ ಮೇ ತಿಂಗಳಿನಲ್ಲೇ ಹಿಡಿದಿದೆ. ಹೊಳವಾದಾಗ ಟೇಪು ಹಿಡಿದು ಗುಡ್ಡೆಗೆ ಹೋದೆ. ಮಹಜರಿನ ಸುಳ್ಳನ್ನು ಇಂಚಿನ ಲೆಕ್ಕದಲ್ಲಿ ಹಿಡಿಯೋಣ ಎಂದು.

ಮೂರು ಕಲ್ಲು. ಸುಣ್ಣದ ಗೆರೆ. ಅಳೆದೆ.

ಇಪ್ಪತ್ತೊಂದು.

ಇನ್ನೊಮ್ಮೆ ಅಳೆದೆ. ಇಪ್ಪತ್ತೊಂದೇ. ಒಂದೊಂದು ಕಲ್ಲು ಏಳು ಇಂಚು! ಅಂಚು ನೋಡಿದರೆ ಚಾಕುವಿನಲ್ಲಿ ಕೊಯ್ದ ಹಾಗೆ — ಈಗಿನ ಮೆಷಿನ್ ಕಲ್ಲು. ನಾನು ಇಡಿಸಿದ್ದು ಹಳೆಯ ಗೋಡೆಯ ಕೈಕಲ್ಲು, ಮಚ್ಚಿನಲ್ಲಿ ಕೆತ್ತಿದ್ದು, ಒಂಬತ್ತಕ್ಕೆ ಕಡಿಮೆಯಿಲ್ಲ.

ಯಾರೋ ಬದಲಿಸಿದ್ದಾರೆ. ಗೆರೆಯನ್ನೂ ಹೊಸದಾಗಿ ಎಳೆದಿದ್ದಾರೆ, ಸಂಶಯ ಬಾರದ ಹಾಗೆ. ಮೂವತ್ತು ಗಜ ದೂರದ ಅಟ್ಟಣಿಗೆಯಿಂದ, ಮುಸ್ಸಂಜೆಯಲ್ಲಿ, ಮೂರು ಕಲ್ಲು ಎಂದರೆ ಮೂರು ಕಲ್ಲು. ವಾಸಪ್ಪಣ್ಣ ಗೆರೆಯನ್ನು ನಂಬಿದರು. ಗೆರೆ ಮೋಸ ಮಾಡಿತು.

ಬಂದವಳೇ ಅರ್ಜಿಗೆ ಕಾಗದ ತೆಗೆದೆ.

ಮೇ 25, ಆದಿತ್ಯವಾರ

ಈ ಊರಿನಲ್ಲಿ ಕಲ್ಲು ಕಾಲು ಬಂದು ನಡೆಯುವುದು ಹೊಸತಲ್ಲ. 1987ರಲ್ಲಿ ಬಸ್ಸು ನಿಲ್ಲುವಲ್ಲಿದ್ದ ಕಲ್ಲುಬೆಂಚು ಒಂದು ವಾರದಲ್ಲಿ ಯಾರ ಮನೆಯ ಮೆಟ್ಟಿಲಾಯಿತು ಎಂದು ನನಗೆ ಗೊತ್ತು. 2003ರಲ್ಲಿ ಪೋಸ್ಟಾಫೀಸಿನ ಎದುರಿನ ದೀಪದ ಕಂಬ ಹತ್ತು ಮಾರು ಸರಿದದ್ದು ಯಾರ ಗೇಟಿಗೆ ಬೆಳಕು ಬೀಳಲೆಂದು, ಅದೂ ಗೊತ್ತು. ಜನ ಮರೆಯುತ್ತಾರೆ. ಮರೆವಿನ ಮೇಲೆಯೇ ಇವರ ಆಡಳಿತ ನಿಂತಿರುವುದು. ನಾನು ಮರೆಯುವವಳಲ್ಲ.

ಅರ್ಜಿ ಬರೆದು ಮುಗಿಸಿದೆ. ಕೊನೆಯ ಪ್ಯಾರಾ ಇಲ್ಲಿಯೂ ಇರಲಿ:

"ಆದಕಾರಣ, ಸದ್ರಿ ಕಲ್ಲುಗಳನ್ನು ಬದಲಿಸಿದ ವ್ಯಕ್ತಿಯು, ಎಷ್ಟೇ ದೊಡ್ಡವರಾಗಿರಲಿ, ಮುಂದಿನ ಗ್ರಾಮಸಭೆಯಲ್ಲಿ ಎಲ್ಲರ ಎದುರು ಎದ್ದು ನಿಂತು ಉತ್ತರಿಸಬೇಕು. ‘ಗೊತ್ತಿರಲಿಲ್ಲ’, ‘ಮರೆತುಹೋಯಿತು’ ಎಂಬ ಉತ್ತರಗಳನ್ನು ಸಭೆಯು ಅಂಗೀಕರಿಸಬಾರದು."

ಚೆನ್ನಾಗಿ ಬಂದಿದೆ.

ಮೇ 27, ಮಂಗಳವಾರ

ಉಪ್ಪಳಕ್ಕೆ ಹೋಗಿ ಐದು ಫೋಟೋಕಾಪಿ ಮಾಡಿಸಿದೆ. ಹೈವೇ ಕೆಲಸದ ಕೆಸರು ಸೀರೆಯ ಮೊಣಕಾಲಿನವರೆಗೆ. ಬರುತ್ತಾ ಪಂಚಾಯತಿಗೆ ಹೋಗಿ ಕೊಟ್ಟು ರಶೀದಿ ಪಡೆದೆ. ವಾರ್ಡ್ ಮೆಂಬರ್ ಶಿವಪ್ರಸಾದ ಅಲ್ಲೇ ಇದ್ದ.

"ಬನ್ನಿ ಪೋಸ್ಟಕ್ಕ. ನಿಮ್ಮ ಅರ್ಜಿಗಳಿಗೆ ಅಂತಲೇ ಒಂದು ಕಪಾಟು ಮಾಡ್ಸಿದ್ದೇವೆ. ಅದೂ ತುಂಬ್ತಾ ಬಂತು ಮಾರಾಯ್ರೆ."

"ಉತ್ತರ ಕೊಟ್ಟಿದ್ರೆ ಖಾಲಿ ಇರ್ತಿತ್ತು," ಎಂದೆ.

ಓದಿದ. ನಗು ನಿಂತಿತು. "ಕಲ್ಲು ಬದ್ಲಿಸಿದ್ದಾರೆ ಅಂತೀರಾ? ಆ ಗುಡ್ಡೆಗೆ ಯಾರು ಹೋಗ್ತಾರೆ? ಹಂದಿಯೊಂದು, ನೀವೊಬ್ರು."

"ಅದನ್ನೇ ಕೇಳಿರೋದು."

"ಆಯ್ತು. ಅಜೆಂಡಾದಲ್ಲಿ ಹಾಕ್ತೇವೆ. ಜೂನ್ ಹದಿನಾಲ್ಕು. ನಿಮ್ಮ ಹೆಸರಿನಲ್ಲೇ."

ನನ್ನ ಹೆಸರಿನಲ್ಲೇ ಇರಲಿ. ಪರಮೇಶ್ವರಿ, ನಿವೃತ್ತ ಪೋಸ್ಟ್‌ಮಾಸ್ತರು.

ಜೂನ್ 7, ಶನಿವಾರ

ಮಳೆ. ಹತ್ತು ದಿನ ಏನೂ ಬರೆದಿಲ್ಲ.

ಅಜೆಂಡಾ ಬಂತು. ಒಂದನೆಯ ವಿಷಯ ನನ್ನದೇ. ಓದಿ ಹೇಳಲೆಂದು ವಾಸಪ್ಪಣ್ಣನನ್ನು ಕರೆಸಿದೆ. ಬರಲಿಲ್ಲ. ಸೊಂಟನೋವು ಎಂದಳು ಅಕ್ಕು, ನನ್ನ ಕಡೆ ನೋಡದೆ. ನೋಟೀಸಿಗೆ ಇನ್ನೂ ಉತ್ತರ ಕೊಟ್ಟಿಲ್ಲವಂತೆ. ನಾನು ಇವರಿಗೋಸ್ಕರ ಹೋರಾಡುತ್ತಿದ್ದೇನೆ. ಇವರು ನನಗೆ ಮುಖ ತಪ್ಪಿಸುತ್ತಾರೆ. ಎಂತ ಜನ!

ಮರಿಗಳು ಈಗ ಕಾಣುವುದಿಲ್ಲ. ಒಂದೂ.

ಜೂನ್ 9, ಸೋಮವಾರ. ಬೆಳಿಗ್ಗೆ 7

ಅಕ್ಕುವಿಗೆ ಜ್ವರ, ಬಂದಿಲ್ಲ. ಎರಡು ರವಿಕೆ ನಾನೇ ಒಗೆಯೋಣವೆಂದು ಹೋದೆ.

ಒಗೆಯುವ ಕಲ್ಲಿನ ಪಕ್ಕಕ್ಕೆ ಮೆತ್ತಿದ ಮಣ್ಣು ಮಳೆಗೆ ತೊಳೆದುಹೋಗಿದೆ. ಕೆಳಗಿನ ಕಲ್ಲಿನ ಮೇಲೆ ಬೆಳ್ಳಗೆ ಏನೋ. ಸೋಪಿನ ನೊರೆ ಅಂದುಕೊಂಡು ನೀರು ಹೊಯ್ದೆ. ಹೋಗಲಿಲ್ಲ. ಉಗುರಿನಲ್ಲಿ ಕೆರೆದೆ.

ಸುಣ್ಣ.

ಒಂದು ಗೆರೆ. ನೇರ ಗೆರೆ. ಸ್ಕೇಲು ಹಿಡಿದು ಎಳೆದದ್ದು, ಯಾಕೆಂದರೆ ಅದನ್ನು ಎಳೆದದ್ದು ನಾನು.

ರವಿಕೆ ಅಲ್ಲೇ ಬಿಟ್ಟು ಬಂದೆ.

ಜೂನ್ 10, ಮಂಗಳವಾರ

ಅಕ್ಕು ಬಂದಳು. ಹಿಂದೆಯೇ ಹೋಗಿ ನಿಂತೆ.

"ಅಕ್ಕು, ಈ ಕಲ್ಲು ಎಲ್ಲಿಂದ ತಂದದ್ದು?"

ಸೋಪು ಹಚ್ಚುವ ಕೈ ನಿಲ್ಲಲಿಲ್ಲ. "ಗುಡ್ಡೆಯಿಂದ ಅಲ್ವಾ ಅಕ್ಕ. ಹಂದಿ ಅಳೆಯುವ ಕಲ್ಲು. ಮೆಷಿನ್ ಕಲ್ಲು ಬಟ್ಟೆ ಕುಕ್ಕಿದ್ರೆ ಪುಡಿ ಆಗ್ತದೆ, ಮೇಲಿನ ಹಳೇದು ಮೂರು ಗಟ್ಟಿ ಉಂಟು, ಅದನ್ನು ತಾ, ಅಲ್ಲಿ ಹೊಸದು ಮೂರು ಇಡು ಅಂತ ನೀವೇ ಹೇಳಿದ್ದು. ವಿಷುವಿನ ಮುಂಚಿನ ಶುಕ್ರವಾರ. ಸುಣ್ಣ ಎಳಿಲಿಕ್ಕೆ ಮರೀಬೇಡ ಅಂದ್ರಿ. ಎಳೆದೆ."

ಹೇಳಿದ್ದೆ. ಅವಳು ಹೇಳುತ್ತಿದ್ದ ಹಾಗೇ ಕಿವಿಗೆ ನನ್ನದೇ ಧ್ವನಿ ಬಂತು. ಫೋನಿನಲ್ಲಿ ಯಾರೊಡನೆಯೋ ಮಾತಾಡುತ್ತಾ, ನಡುವೆ ಕೈಯಡ್ಡ ಹಿಡಿದು ಹೇಳಿದ್ದೆ. ಮೂರು ತೆಗೆದರೆ ಮೂರು ಇಟ್ಟರಾಯಿತು. ಇಂಚಿನ ಯೋಚನೆಯೇ ಬರಲಿಲ್ಲ. ನನಗೆ!

"ಇಷ್ಟು ದಿನ ಎಂತಕ್ಕೆ ಹೇಳ್ಲಿಲ್ಲ ಮಾರಾಯ್ತಿ?"

ಈಗ ಕೈ ನಿಂತಿತು. "ನಿಮಗೆ ಎಲ್ಲ ನೆನಪಿರ್ತದಲ್ಲ ಅಕ್ಕ. ನೆನಪಿದ್ದೂ ಹೇಳ್ತಾ ಇಲ್ಲ ಅಂತ ಎಣಿಸಿದೆವು."

ಎಣಿಸಿದೆವು. ಒಬ್ಬಳಲ್ಲ.

"ವಾಸಪ್ಪಣ್ಣನಿಗೂ ಗೊತ್ತುಂಟಾ?"

"ಕೋವಿ ತಕೊಂಡು ಹೋದ ದಿನವೇ ಗುಡ್ಡೆಗೆ ಹೋಗಿ ಗೇಣು ಹಾಕಿ ನೋಡಿದ. ಮಾರನೇ ದಿನ ನಿಮ್ಮಲ್ಲಿಗೆ ಬಂದ. ಪೋಸ್ಟಕ್ಕ ಹೇಳ್ತಾರೆ, ಅವರೇ ಹೇಳ್ಲಿ ಅಂತ ಕೂತ. ನೀವು ಕಿವಿ ಹೇಗಿತ್ತು ಅಂತ ಕೇಳಿದ್ರಿ."

ಬಟ್ಟೆ ಹಿಂಡಿದಳು. ಮತ್ತೆ, ಮೆತ್ತಗೆ: "ನನ್ನ ಹೆಸರು ಬರಿಬೇಡಿ ಅಕ್ಕ. ತೊಯಿಲುರಪ್ಪು ಉದ್ಯೋಗಖಾತ್ರಿಯ ಕೂಲಿಪಟ್ಟಿಯಿಂದ ತೆಗೀತಾರೆ ನನ್ನನ್ನು."

ಅವಳ ಹೆಸರು. ಅವಳಿಗೆ ನನ್ನ ಮೇಲಿರುವ ನಂಬಿಕೆ ಅಷ್ಟು.

ಜೂನ್ 11, ಬುಧವಾರ

ಹಳೆಯ ಕಲ್ಲುಗಳನ್ನು ಬೆಳಗಾಗುವ ಮೊದಲು ಗುಡ್ಡೆಯಲ್ಲಿ ಇಟ್ಟುಬಂದರೆ? ಹೋಗಿ ಅಲ್ಲಾಡಿಸಿದೆ. ಸಿಮೆಂಟು ಹಾಕಿಸಿದ್ದೇನೆ, ಗಟ್ಟಿಯಾಗಿರಲೆಂದು.

ಅರ್ಜಿ ಹಿಂತೆಗೆದರೆ? ವಾಸಪ್ಪಣ್ಣನ ನೋಟೀಸಿಗೆ 16 ಕೊನೆ. ಕಲ್ಲಿನ ವಿಷಯ ಬಾರದೆ ಅವರಿಗೆ ವಿವರಣೆಯೇ ಇಲ್ಲ. ತಿಳಿದೂ ಹೊಡೆದರೆಂದೇ ಉಳಿಯುತ್ತದೆ.

ಒಂದು ಕರಡು ಬರೆದೆ. "ಕೆಲಸದವರ ಅಚಾತುರ್ಯದಿಂದ ಕಲ್ಲುಗಳು..." ಅಲ್ಲಿಯವರೆಗೆ ಬರೆದೆ. ನನ್ನ ಅಕ್ಷರ. ಎಷ್ಟು ಸಲೀಸಾಗಿ ಬಂತು. ಹರಿದು ಒಲೆಗೆ ಹಾಕಿದೆ.

ಕಲ್ಲುಬೆಂಚು ಹೊತ್ತವರೂ 1987ರಲ್ಲಿ ಹೀಗೆಯೇ ಏನಾದರೂ ಹೇಳಿಕೊಂಡಿರಬೇಕು. ಮನೆಯವರಿಗೆ ಮೆಟ್ಟಿಲು ಬೇಕಿತ್ತು, ಅಷ್ಟೇ.

ಜೂನ್ 12, ಗುರುವಾರ

ಶಿವಪ್ರಸಾದನ ಫೋನು.

"ಪೋಸ್ಟಕ್ಕ, ಶಾಲೆಯ ಹಾಲಿನಲ್ಲಿ ಸಭೆ. ಮೈಕ್ ಹಾಕ್ಸಿದ್ದೇವೆ, ನಿಮಗೋಸ್ಕರವೇ. ಫಾರೆಸ್ಟಿನವರೂ ಬರ್ತಾರೆ. ಕಲ್ಲು ಬದ್ಲಿಸಿದ್ದು ಯಾರು ಅಂತ ಪತ್ತೆ ಆಯ್ತಾ?"

"ಆಯ್ತು."

"ನಮ್ಮ ಪಾರ್ಟಿಯವನಾ?"

"ಅಲ್ಲ."

"ಹಾಗಾದ್ರೆ ಗಟ್ಟಿ ಕೇಳಿ ಮಾರಾಯ್ರೆ! ಬಿಡ್ಬೇಡಿ."

ಊಟ ಸೇರಲಿಲ್ಲ. ಜ್ವರ ಬಂದಿದ್ದರೆ ಚೆನ್ನಾಗಿತ್ತು ಎಂದು ಹಣೆ ಮುಟ್ಟಿ ನೋಡಿಕೊಂಡೆ. ತಣ್ಣಗಿದೆ.

ಜೂನ್ 13, ಶುಕ್ರವಾರ. ಸಂಜೆ

ವಾಸಪ್ಪಣ್ಣನ ಮನೆಗೆ ಹೋದೆ. ಈ ಇಪ್ಪತ್ತು ವರ್ಷದಲ್ಲಿ ಮೊದಲ ಸಲ. ಯಾವಾಗಲೂ ಅವರೇ ಬರುವುದು. ಗೋಡೆಯಲ್ಲಿ ಕೋವಿ ನೇತುಹಾಕುವ ಎರಡು ಗೂಟ, ಖಾಲಿ. ಅದರ ಕೆಳಗೆ ಕುರ್ಚಿ ಹಾಕಿಕೊಟ್ಟರು.

ಹೇಳಿದೆ. ಪೂರ್ತಿ ಕೇಳಿದರು.

"ಗೊತ್ತುಂಟು ಪೋಸ್ಟಕ್ಕ," ಎಂದರು. "ನನ್ನ ತಪ್ಪೂ ಉಂಟು. ಕಿವಿ ಕಣ್ಣಿಗೆ ಕಾಣ್ತಿತ್ತು. ನಿಮ್ಮ ಕಲ್ಲನ್ನು ನಂಬಿದೆ. ನೀವು ಬರ್ಸಿದ್ದು ತಪ್ಪಿರ್ಲಿಕ್ಕಿಲ್ಲ ಅಂತ."

"ನಾಳೆ ಬನ್ನಿ."

"ಬಂದು?"

"ಸುಮ್ಮನೆ ಕೂತ್ರೆ ಸಾಕು. ನನಗೆ ಕಾಣುವ ಹಾಗೆ, ಎದುರಿಗೆ."

ಎದ್ದು ಹೋಗಿ ಚಹಾ ತಂದರು. ಸಕ್ಕರೆ ಹೆಚ್ಚಾಗಿತ್ತು, ಕುಡಿದೆ.

ಜೂನ್ 14, ಶನಿವಾರ. ಬೆಳಿಗ್ಗೆ 9.20

ಹತ್ತೂವರೆಗೆ ಸಭೆ. ಈ ಮಳೆಯಲ್ಲೂ ಅಕ್ಕು ನೀಲಿ ಸೀರೆಯನ್ನು ಒಣಗಿಸಿ ಮಡಚಿಟ್ಟಿದ್ದಾಳೆ. ಹೇಗೆ ಒಣಗಿಸಿದಳೋ. ಅವಳ ಹೆಸರು ಬರುವುದಿಲ್ಲ. "ನಾನು ತೆಗೆಸಿದೆ, ನಾನು ಇಡಿಸಿದೆ" — ಇದಕ್ಕೆ ಇನ್ನೊಬ್ಬರ ಹೆಸರು ಬೇಕಾಗಿಲ್ಲ.

ಅರ್ಜಿಯನ್ನು ಇನ್ನೊಮ್ಮೆ ಓದಿದೆ. ಪ್ರತಿ ಬಾಗಿಲನ್ನೂ ಹೊರಗಿನಿಂದ ಚಿಲಕ ಹಾಕಿ ಮುಚ್ಚಿದ್ದೇನೆ. ಗೊತ್ತಿರಲಿಲ್ಲ ಎನ್ನುವಂತಿಲ್ಲ. ಮರೆತುಹೋಯಿತು ಎನ್ನುವಂತಿಲ್ಲ. ಆದರೆ ನಿಜವಾದ ಉತ್ತರ ಅದೇ: ಮರೆತುಹೋಯಿತು. ಅದನ್ನೇ ಹೇಳುತ್ತೇನೆ, ಅಂಗೀಕರಿಸುವುದು ಬಿಡುವುದು ಸಭೆಗೆ ಸೇರಿದ್ದು.

ಟೇಪು ಚೀಲದಲ್ಲಿದೆ. ಮೆಷಿನ್ ಕಲ್ಲು ಒಂದನ್ನು ರಿಕ್ಷಾದಲ್ಲಿ ಹಾಕಿಸಿದೆ. ಮೇಜಿನ ಮೇಲಿಟ್ಟು ಎಲ್ಲರಿಗೂ ಕಾಣುವ ಹಾಗೆ ಅಳೆಯಬೇಕು. ಮಹಜರಿನ ಇಪ್ಪತ್ನಾಲ್ಕು ಸರಿ ಎಂದೂ ಹೇಳಬೇಕು. ಅವರು ಹಂದಿಯನ್ನು ಸರಿಯಾಗಿಯೇ ಅಳೆದಿದ್ದರು. ತಪ್ಪಾಗಿ ಅಳೆದದ್ದು ಮನುಷ್ಯನನ್ನು.

ಆಮೇಲೆ ಕೂತುಕೊಳ್ಳುವುದಿಲ್ಲ. ನನ್ನ ಉತ್ತರ ಆದ ಮೇಲೆ ನನ್ನ ಪ್ರಶ್ನೆ ಉಳಿಯುತ್ತದೆ. ಫಾರೆಸ್ಟಿನವರಿಗೆ, ಪಂಚಾಯತಿಗೆ, ಮೈಕಿನಲ್ಲೇ: ಮಾಂಸದ ಆಸೆಯಿಂದ ಎಂದು ಬರೆದ ಕೈ ಯಾರದು? ಅದನ್ನು ಹೊಡೆದುಹಾಕುವುದು ಯಾವಾಗ? ವಾಸಪ್ಪಣ್ಣನ ಕೋವಿಯನ್ನು ಯಾವ ತಾರೀಕಿಗೆ, ಯಾರು, ಇದೇ ಜನರ ಎದುರಿಗೆ ಅವರ ಕೈಗೆ —

ರಿಕ್ಷಾ ಹಾರ್ನ್ ಹೊಡೆಯುತ್ತಿದೆ. ಯಾರೋ ಹಿಂದೆ ಕೂತಿದ್ದಾರೆ, ಕಲ್ಲಿನ ಪಕ್ಕದಲ್ಲಿ. ಬಿಳಿ ಅಂಗಿ, ಕೋವಿಯಿಲ್ಲದ ಹೆಗಲು...