ಮೂರು ದಿನ ಹಿಂದಿದ್ದ ಗಡಿಯಾರ

ಭಾನುವಾರ, ಸಂಜೆ

ಪ್ರೀತಿಯ ಸೂಜಿಗೆ,

ಕ್ಷೇಮವೇ ಎಂದು ಕೇಳುವ ಮುಖ ನನಗಿಲ್ಲ. ಆದರೂ ಕೇಳುತ್ತಿದ್ದೇನೆ. ಹರಿದು ಹಾಕುವುದಿದ್ದರೆ ಓದಿ ಹರಿ.

ನಿನ್ನ ತಪ್ಪೇನೂ ಇಲ್ಲ ಎಂದು ಮೊದಲು ಹೇಳಿದವನು ನಮ್ಮ ವಾಚು ರಿಪೇರಿಯಣ್ಣ. ಇಂದು ಮಧ್ಯಾಹ್ನ, ಸೈಕಲ್ ಅಂಗಡಿಯ ಮೇಲೆ ನಾವೆಲ್ಲ ಭಾನುವಾರ ಸೇರಿ ಕಲಿಯುವ ಕಂಪ್ಯೂಟರ್ ಕೋಣೆಯಲ್ಲಿ. ನೀನು ಬರುವುದು ಬಿಟ್ಟು ಮೂರು ವಾರವಾಯಿತಲ್ಲ, ಹೊಸಬರಿಗೆ ಪಾಠ ಹೇಳುವವರೇ ಇಲ್ಲ. ಹೊಲಿಗೆ ಯಂತ್ರ ಹಾರ್ಡ್‌ವೇರು, ಕತ್ತರಿಸಿಟ್ಟ ಕಾಗದದ ಅಳತೆ ಸಾಫ್ಟ್‌ವೇರು, ಕಾಗದ ಬದಲಿಸಿದರೆ ಅದೇ ಯಂತ್ರ ಅಂಗಿಯ ಬದಲು ಫ್ರಾಕು ಹೊಲಿಯುತ್ತದೆ ಎಂದು ನೀನು ಹೇಳುತ್ತಿದ್ದೆ. ಬಟ್ಟೆ ಹರಡುವ ಮೇಜು ಮೆಮೊರಿ, ಬೀರು ಡಿಸ್ಕು. ಕರೆಂಟು ಹೋದರೆ ಮೇಜು ಖಾಲಿ, ಬೀರು ಭದ್ರ. ಬೇಕರಿಯವನು ಕೂಡ ಒಂದೇ ಸಲಕ್ಕೆ ತಲೆಯಾಡಿಸಿದ್ದ. ಪುಸ್ತಕ ಬೈಂಡ್ ಮಾಡುವ ನಾನು ಅದನ್ನೇ ಆ ಕಂಪ್ಯೂಟರಿನಲ್ಲಿ ನಲವತ್ತು ಪುಟ ಬರೆದಿದ್ದೆ. ಓದಿ ನೀನು, "ಇಷ್ಟು ದಪ್ಪ ಮಾಡಿದ್ರೆ ಓದೋರು ಓಡಿಹೋಗ್ತಾರೆ ಕಣೇ, ಬೈಂಡ್ ಮಾಡೋಕೆ ಮಾತ್ರ ಚೆನ್ನಾಗಿರುತ್ತೆ" ಎಂದು ನಕ್ಕಿದ್ದೆ. ಎಲ್ಲರೂ ನಕ್ಕರು. ನಾನೂ ನಕ್ಕೆ. ಒಳಗೆ ಒಂದು ಮುಳ್ಳು ಮುರಿದುಕೊಂಡಿತು.

ಆ ಮುಳ್ಳು ಇದ್ದುದರಿಂದಲೇ, ನಲವತ್ತು ಪುಟ ಹೋಗಿ ಹಳೆಯ ಒಂಬತ್ತು ಪುಟದ ಕರಡು ಕೂತಿದೆ ಎಂದು ಗೊತ್ತಾದ ಭಾನುವಾರ, ಕಣ್ಣು ನೇರ ನಿನ್ನ ಮೇಲೆ ಬಿತ್ತು. ಕಡತದ ಪಕ್ಕದಲ್ಲಿ ಬುಧವಾರ ಮೂರು ಗಂಟೆ ಎಂದಿತ್ತು. ಬುಧವಾರ ಸೈಕಲ್ ಅಂಗಡಿಗೆ ರಜೆ, ಬೀಗದ ಕೈ ನಿನ್ನ ಹತ್ತಿರ. ಕೀಲಿಮಣೆಯ ಸಂದಿಯಲ್ಲಿ ನೀಲಿ ದಾರದ ಎಳೆಯೂ ಸಿಕ್ಕಿತು. ನಿನ್ನ ಹೊಲಿಗೆ ದಾರ ಅಲ್ಲಿ ವರ್ಷವಿಡೀ ಉದುರುತ್ತದೆ ಎಂಬುದು ಆಗ ನೆನಪಾಗಲೇ ಇಲ್ಲ. ಬುಧವಾರ ಕಸ ಗುಡಿಸಲು ಬಂದಿದ್ದೆ, ಯಂತ್ರ ಮುಟ್ಟಲಿಲ್ಲ ಎಂದೆ ನೀನು. ಶಾಲೆಯ ಮೇಷ್ಟ್ರೂ ಸೇರಿ ಎಂಟು ಜನರ ಮುಂದೆ ನಾನು ಕೇಳಿದೆ:

"ಹಾಗಾದ್ರೆ ಯಂತ್ರ ಸುಳ್ಳು ಹೇಳುತ್ತಾ?"

ನೀನು ಚಪ್ಪಲಿ ಮೆಟ್ಟಿಕೊಂಡು ಇಳಿದು ಹೋದೆ.

ಇಂದು ಹೊಸಬನೊಬ್ಬ, ಕರೆಂಟು ತೆಗೆದರೂ ಯಂತ್ರಕ್ಕೆ ತಾರೀಖು ಹೇಗೆ ಗೊತ್ತಿರುತ್ತದೆ ಎಂದು ಕೇಳಿದ. ವಾಚಣ್ಣ ಡಬ್ಬಿ ಬಿಚ್ಚಿ ಒಳಗಿನ ಬಿಲ್ಲೆಯಂಥ ಬ್ಯಾಟರಿ ತೋರಿಸಿದ. ಹಾರ್ಡ್‌ವೇರಿನೊಳಗೆ ಒಂದು ಪುಟ್ಟ ಗಡಿಯಾರ ಇರುತ್ತದೆ, ಸಾಫ್ಟ್‌ವೇರು ಅದನ್ನು ಕೇಳಿಕೊಂಡು ತಾರೀಖು ಬರೆಯುತ್ತದೆ ಎಂದ. ಬ್ಯಾಟರಿಯನ್ನು ಅಳೆದೂ ನೋಡಿದ. ಅದು ಸೋತು ಎಷ್ಟು ದಿನವಾಗಿತ್ತೋ, ಗಡಿಯಾರ ನಡುನಡುವೆ ನಿಂತು ಮತ್ತೆ ಓಡುತ್ತಿತ್ತಂತೆ. ಆಮೇಲೆ ಬೇಕರಿಯವನ ಕಡತ ತೆಗೆದ. ಅದನ್ನು ಅವನು ನಮ್ಮೆಲ್ಲರೆದುರು ಟೈಪು ಮಾಡಿದ್ದು ನಿನ್ನನ್ನು ನಾನು ಕೇಳಿದ ಆ ಭಾನುವಾರವೇ. ಅದರ ಮೇಲಿದ್ದದ್ದು ಗುರುವಾರ.

"ಮೂರು ದಿನ ಹಿಂದಿತ್ತು ಇದು," ಅಂದ ವಾಚಣ್ಣ. "ಬುಧವಾರ ಅಂದ್ರೆ ಶನಿವಾರ. ಆ ಹೆಣ್ಣುಮಗಳನ್ನ ಸುಮ್ಮನೆ ಕಳಿಸಿಬಿಟ್ವಿ."

ಶನಿವಾರ ಬೀಗದ ಕೈ ಕೆಳಗಿನ ಅಂಗಡಿಯ ಮೊಳೆಯಲ್ಲಿ ತೂಗುತ್ತಿರುತ್ತದೆ, ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಕೋಣೆಯಲ್ಲಿ ಒಬ್ಬರ ಮುಖ ಒಬ್ಬರು ನೋಡತೊಡಗಿದರು. ಮೇಷ್ಟ್ರು ಬೇಕರಿಯವನನ್ನು, ಬೇಕರಿಯವನು ವಾಚಣ್ಣನನ್ನು. ನನ್ನನ್ನು ಮಾತ್ರ ಯಾರೂ ನೋಡಲಿಲ್ಲ. ಕಳೆದುಕೊಂಡವಳು ನಾನಲ್ಲವೇ.

ಸೂಜಿ, ಶನಿವಾರ ಹೋದವಳು ನಾನು. ಹಳೆಯ ಕರಡು ತೆರೆದು, ಎರಡು ಸಾಲು ತಿದ್ದಿ, ಹೊಸದರ ಹೆಸರಿನಲ್ಲೇ ಉಳಿಸಿದೆ. ಇದ್ದದ್ದನ್ನು ಬದಲಿಸಲೇ ಎಂದು ಯಂತ್ರ ಕೇಳಿತ್ತು. ಓದದೆ ಹೂಂ ಎಂದೆ. ಇದು ಇಂದು ತಿಳಿದದ್ದು. ಆದರೆ ಶನಿವಾರ ನಾನು ಅಲ್ಲಿ ಕೂತಿದ್ದೆ ಎಂಬುದು ನಿನ್ನನ್ನು ಕೇಳಿದ ದಿನವೂ ನನಗೆ ನೆನಪಿತ್ತು. ಪರದೆಯ ಮೇಲೆ ಬುಧವಾರ ಎಂದು ಕಂಡಾಗ ಜೀವ ಹಗುರಾಯಿತು. ಹಾಗೆ ಹಗುರಾಗಿದ್ದೇ ನನ್ನ ತಪ್ಪು.

ನಿನಗೆ ಹೇಳಿದ್ದೇನೆ. ಅವರಿಗೆ ಹೇಳಲು ಇಂದು ಬಾಯಿ ಬರಲಿಲ್ಲ.

ನಿನ್ನ,
ಬೈಂಡರು

ತಾ.ಕ.: ಸೋಮವಾರ ಬೆಳಿಗ್ಗೆ. ಅಂಚೆಗೆ ಹಾಕಲು ಹೊರಟವಳು ಸೈಕಲ್ ಅಂಗಡಿಯ ಮೆಟ್ಟಿಲಲ್ಲಿ ನಿಂತುಬಿಟ್ಟೆ. ಮೇಷ್ಟ್ರು, ಬೇಕರಿಯವನು, ವಾಚಣ್ಣ, ಒಬ್ಬರಿಗೊಬ್ಬರು ಹೇಳದೆ ಮೂರು ಹೊಸ ಬೀಗ ತಂದು ಬಾಗಿಲಲ್ಲಿ ಜಗಳವಾಡುತ್ತಿದ್ದರು. ಅಂಟಿಸಿದ್ದ ಲಕೋಟೆ ಬಿಚ್ಚಿ ಅಲ್ಲೇ ನಿಂತು ಅವರಿಗೆ ಕೇಳುವಂತೆ ಓದಿದೆ. ಮೇಷ್ಟ್ರು ಪತ್ರಕ್ಕೆ ಕೈ ಚಾಚಿ, "ಕೊಡಮ್ಮ, ನಾವೇ ಹೋಗ್ತೀವಿ. ನಾವೂ ಕೂತು ಕೇಳಿಸ್ಕೊಂಡವರೇ," ಅಂದರು. ಅದಕ್ಕೇ ಇದಕ್ಕೆ ಸ್ಟಾಂಪಿಲ್ಲ. ಅವರ ಹಿಂದೆಯೇ ನಿನ್ನ ಮನೆಯವರೆಗೆ ಬಂದಿದ್ದೇನೆ, ಇಷ್ಟು ಬರೆದು ಪತ್ರ ಅವರ ಕೈಗೆ ಕೊಡುತ್ತಿದ್ದೇನೆ, ಒಳಗೆ ಬರಲಾಗುತ್ತಿಲ್ಲ. ರಸ್ತೆಯಾಚೆ ನಿಂತಿದ್ದೇನೆ.