ಸವಟ ಎಂದು ಬರೆದಿಟ್ಟವರಿಗೆ

ಹೊಸಕೂಡಲ, ಫೆಬ್ರವರಿ ಮೂವತ್ತು, 2318

ಹೆಸರು ಗೊತ್ತಿಲ್ಲದ ಹಿರಿಯರಿಗೆ, ಸಾವಂತ್ರೆವ್ವ ಮಾಡುವ ನಮಸ್ಕಾರಗಳು.

ದಿನಾಂಕ ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ, ಉಳಿದ ದಿನಗಳು ವರ್ಷದ ಕೊನೆಯ ಹಬ್ಬಕ್ಕೆ. ಇನ್ನು ನನ್ನ ಮಾತುಗಳಲ್ಲಿ ಕೆಲವು ನಿಮಗೆ ಒರಟಾಗಿ ಕೇಳಿಸಿದರೆ ಕ್ಷಮಿಸಿ. ಮುನ್ನೂರು ವರ್ಷಗಳಲ್ಲಿ ಭಾಷೆ ತುಸು ಸವೆದಿದೆ.

ನಾನು ಇಲ್ಲಿನ ಆಸ್ಪತ್ರೆಯಲ್ಲಿ ಹುಟ್ಟು ಸಾವುಗಳನ್ನು ಕಾಗದದ ಮೇಲೆ ಬರೆದಿಡುವವಳು. ಬೇರೆ ಯಾರೂ ಈಗ ಬರೆಯುವುದಿಲ್ಲ. ಎಲ್ಲರ ಮನೆಯಲ್ಲೂ ಕೇಳುಗ ಇದೆ. ನಾವು ಆಡಿದ್ದನ್ನು ಕೇಳಿ ತಾನೇ ಬರೆದುಕೊಳ್ಳುವ ಯಂತ್ರ ಅದು. ಹೋದ ವಾರ ಸೂರ್ಯನ ಬಿರುಗಾಳಿ ಎದ್ದು ಊರಿನ ಕೇಳುಗಗಳೆಲ್ಲ ಒಮ್ಮೆಗೇ ಕಿವುಡಾದವು. ಹೊಳೆಯ ಆಚೆ ದಂಡೆಯ ಮದ್ದಿನಮನೆಗೆ ಹೋಗುವ ಹಳೆಯ ತಂತಿಯೊಂದು ಮಾತ್ರ ಉಳಿಯಿತು.

ಅದೇ ಬೆಳಿಗ್ಗೆ ಅಂಬಿಗರ ನಿಂಬೆವ್ವ ತನ್ನ ಹನ್ನೆರಡು ದಿನದ ಮಗಳನ್ನು ಎತ್ತಿಕೊಂಡು ಬಂದಳು. ಕೂಸಿನ ಎದೆ ಎಣಿಸಲಾರದಷ್ಟು ಜೋರಾಗಿ ಬಡಿಯುತ್ತಿತ್ತು, ತುಟಿ ನೀಲಿಗಟ್ಟಿತ್ತು. ಡಾಕ್ಟರ್ ಮೆಹಜಬೀನ್ ಮದ್ದು ಗೊತ್ತುಮಾಡಿದರು. ಮದ್ದಿನಮನೆಯ ಯಂತ್ರ ಅಳತೆಯನ್ನು ಮಾತಿನಲ್ಲಿ ಒಪ್ಪುವುದಿಲ್ಲ, ಲೆಕ್ಕದ ಚಿಹ್ನೆಯಲ್ಲಿ, ಅಂದರೆ ಗುರುತಿನಲ್ಲೇ ಬೇಕು. ಚೀಟಿ ಕೊಟ್ಟು ದೋಣಿ ಕಳಿಸಿದರೆ ಹೋಗಿಬರಲು ಆರು ತಾಸು. ಕೂಸಿಗೆ ಅಷ್ಟು ಹೊತ್ತು ಇರಲಿಲ್ಲ.

ಆಗ ನನಗೆ ಕಪಾಟಿನಲ್ಲಿದ್ದ ಹಳೆಯ ಕೀಲಿಮಣೆ ನೆನಪಾಯಿತು. ನಮ್ಮ ಅಜ್ಜಿಗೆ ಅವಳ ಅಜ್ಜಿಯಿಂದ ಬಂದದ್ದು. ಮೂಲೆಯ ಕೀಲಿ ಒತ್ತಿ, ಗುರುತಿನ ಹೆಸರು ಬರೆದು, ಮತ್ತೆ ಅದೇ ಕೀಲಿ ಒತ್ತಿದರೆ ಹೆಸರು ಅಳಿಸಿ ಗುರುತು ಮೂಡುತ್ತದೆ. ತಂತಿಗೆ ಸಿಕ್ಕಿಸಿದೆ. ಮಣೆಗೆ ಇನ್ನೂ ಜೀವ ಇತ್ತು.

"ಹುಷಾರು, ಅಕ್ಕಾ," ಎಂದರು ಡಾಕ್ಟರ್. "ಮೈಕ್ರೋ ಬರಬೇಕು. ಮಿಲಿ ಅಂತ ಹೋದ್ರ ಸಾವಿರ ಪಟ್ಟು ಮದ್ದು ಬರ್ತದ."

ಮೈಕ್ರೋ ಎಂದು ಬರೆದೆ. ಏನೂ ಬರಲಿಲ್ಲ. ಮ್ಯೂ ಎಂದು ಬರೆದೆ, ಮಣೆ ಸುಮ್ಮನೆ ಇತ್ತು. ಅಜ್ಜಿ ಗುಣಾಕಾರದ ಗುರುತಿಗೆ ಕತ್ತರಿ ಎಂದು ಬರೆಯುತ್ತಿದ್ದಳು. ಇದನ್ನು ಮಾಡಿದವರು ಕಣ್ಣಿಗೆ ಕಂಡ ಹಾಗೆ ಹೆಸರಿಟ್ಟಿದ್ದಾರೆ ಎಂದು ಆಗ ಹೊಳೆಯಿತು. ಗೋಡೆಯ ಅಳತೆ ಪಟದಲ್ಲಿದ್ದ ಮೈಕ್ರೋದ µ ಗುರುತನ್ನು ನಿಂಬೆವ್ವನಿಗೆ ತೋರಿಸಿದೆ.

"ಇದು ನಿನ್ನ ಕಣ್ಣಿಗೆ ಹೆಂಗ ಕಾಣ್ತದವಾ?"

ಅವಳು ಕೂಸಿನಿಂದ ಕಣ್ಣು ತೆಗೆದು ಒಂದು ಗಳಿಗೆ ನೋಡಿದಳು. "ಹಿಡಿಕಿ ಕೆಳಗ ಜೋತುಬಿದ್ದ ಸವಟ ಇದ್ದಂಗ ಐತಿ. ಲಗೂನ ಮಾಡ್ರಿ, ಯವ್ವಾ."

ನಾನು ಓದಿದವಳಲ್ಲವೇ, ಪುಸ್ತಕದಲ್ಲಿರುವಂತೆ ಸೌಟು ಎಂದು ಬರೆದೆ. ಬರಲಿಲ್ಲ. ನಿಂಬೆವ್ವ ಸಿಟ್ಟಿಗೆದ್ದಳು. "ಸೌಟು ಅಲ್ರೀ, ಸವಟ!"

ಸವಟ ಎಂದು ಬರೆದು ಕೀಲಿ ಒತ್ತಿದೆ. ಗುರುತು ಮೂಡಿತು. ಡಾಕ್ಟರ್ ಪಟದ ಹತ್ತಿರ ಹೋಗಿ ಎರಡು ಸಲ ಹೋಲಿಸಿ ನೋಡಿ, "ಕಳಸ್ರಿ" ಎಂದರು. ಮದ್ದಿನಮನೆಯಿಂದ ಅಳತೆ ಸರಿಯಾಗಿ ತಿರುಗಿ ಬಂತು. ಮಧ್ಯಾಹ್ನದ ಹೊತ್ತಿಗೆ ದೋಣಿ ಬಂತು. ಸಂಜೆಗೆ ಕೂಸಿನ ಎದೆಬಡಿತ ಹದಕ್ಕೆ ಇಳಿಯಿತು, ತುಟಿ ಕೆಂಪಾಯಿತು. ನಿಂಬೆವ್ವ ಗೋಡೆಗೆ ಮುಖ ಮಾಡಿ ಅತ್ತಳು. ಮೂರು ದಿನದಿಂದ ಕೂಸು ಹಾಲು ಕುಡಿಯುತ್ತಿದೆ. ನಿನ್ನೆ ಮನೆಗೆ ಹೋದರು.

ಕೇಳುಗಗಳು ಮತ್ತೆ ಕೇಳತೊಡಗಿವೆ. ಆದರೂ ನಾನು ಎರಡು ದಿನ ಕುಳಿತು ಮಣೆಯ ಒಳಗಿನ ಪಟ್ಟಿಯನ್ನೆಲ್ಲ ತೆಗೆದು ಓದಿದೆ. ಇನ್ನೂರ ಹನ್ನೆರಡು ಹೆಸರುಗಳು. ಒಂದೂ ದೊಡ್ಡ ಮಾತಲ್ಲ. ನಮ್ಮ ಕಡೆಯ ಅಡುಗೆಮನೆಯ, ಹೊಲದ, ಹೊಳೆದಂಡೆಯ ಮಾತುಗಳು. ನಿಮ್ಮ ಹೆಸರು ಮಾತ್ರ ಎಲ್ಲೂ ಸಿಗಲಿಲ್ಲ. ನೀವು ಗಂಡಸೋ ಹೆಂಗಸೋ, ಇದನ್ನು ಕೆಲಸಕ್ಕೆಂದು ಮಾಡಿದಿರೋ ಬರೀ ಹುಚ್ಚಿಗೋ, ನನಗೆ ತಿಳಿಯದು. ಇಂಥ ಹೆಸರಿಟ್ಟಿದ್ದಕ್ಕೆ ಯಾರಾದರೂ ನಿಮ್ಮನ್ನು ನೋಡಿ ನಕ್ಕಿರಲೂಬಹುದು.

ಕಾಲದಲ್ಲಿ ಹಿಂದಕ್ಕೆ ಹೊರಟ ಈ ಕಾಗದ ನಿಮ್ಮನ್ನು ಯಾವ ವರ್ಷ ಮುಟ್ಟುತ್ತದೋ ಗೊತ್ತಿಲ್ಲ. ನೀವಿನ್ನೂ ಆ ಪಟ್ಟಿ ಶುರುಮಾಡಿಲ್ಲದಿದ್ದರೆ, ಕೈಮುಗಿದು ಕೇಳುತ್ತೇನೆ, ಶುರುಮಾಡಿ. ನೂರು ದಾಟಿದ ಮೇಲೆ ಬೇಸರ ಬರುತ್ತದೆ, ಇಷ್ಟು ಸಾಕು ಅನಿಸುತ್ತದೆ. ನಿಲ್ಲಿಸಬೇಡಿ. ಸವಟ ಇರುವುದು ನೂರಾ ತೊಂಬತ್ತೊಂದನೆಯ ಸಾಲಿನಲ್ಲಿ.